ಕ್ಲೈಂಟ್, ಮ್ಯಾನೇಜರ್, ಟೀಮ್: ‘ಕಮ್ಯುನಿಕೇಶನ್ ಗ್ಯಾಪ್’ ನಿಜಕ್ಕೂ ಇರೋದು ಎಲ್ಲಿ?

ಪ್ರಾಜೆಕ್ಟ್ ತಡವಾದಾಗ, ಕ್ಲೈಂಟ್ ಸಿಟ್ಟಾದಾಗ, ಟೀಮಿನಲ್ಲಿ ಇಬ್ಬರು ಒಟ್ಟಿಗೆ ಪೇಪರ್ ಹಾಕಿದಾಗ ಆಫೀಸುಗಳಲ್ಲಿ ಕೇಳಿಬರುವ ಕಾರಣ ಒಂದೇ: ‘ಕಮ್ಯುನಿಕೇಶನ್ ಗ್ಯಾಪ್’. ಆಮೇಲೆ ಎಚ್‌ಆರ್‌ನವರು ಎರಡು ದಿನದ ಟ್ರೇನಿಂಗ್ ಇಡುತ್ತಾರೆ. ಇಮೇಲ್ ಹೇಗೆ ಬರೆಯಬೇಕು, ಕಾಲ್‌ನಲ್ಲಿ ಹೇಗೆ ಮಾತಾಡಬೇಕು ಅಂತ ಹೇಳಿಕೊಡುತ್ತಾರೆ. ಮುಂದಿನ ಪ್ರಾಜೆಕ್ಟೂ ತಡವಾಗುತ್ತದೆ.

ನಾನು ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಮೊದಲು ಟೆಸ್ಟರ್ ಆಗಿ, ಆಮೇಲೆ ಬಿಸಿನೆಸ್ ಅನಲಿಸ್ಟ್ ಆಗಿ ಹನ್ನೆರಡು ವರ್ಷ ಕೆಲಸ ಮಾಡಿದ್ದೇನೆ. ಈ ಅವಧಿಯಲ್ಲಿ ಮಾತು ಬಾರದ ಕಾರಣಕ್ಕೆ ಹಾಳಾದ ಪ್ರಾಜೆಕ್ಟನ್ನು ನಾನು ನೋಡಿದ್ದು ಕಡಿಮೆ. ಕೆಲಸ ನಿಗದಿತ ದಿನಕ್ಕೆ ಮುಗಿಯಲ್ಲ ಅನ್ನೋದು ಟೆಸ್ಟರ್‌ಗೆ ಗೊತ್ತಿರುತ್ತದೆ, ಲೀಡ್‌ಗೂ ಗೊತ್ತಿರುತ್ತದೆ, ಬಹಳ ಸಲ ಮ್ಯಾನೇಜರ್‌ಗೂ ಗೊತ್ತಿರುತ್ತದೆ. ಗೊತ್ತಿಲ್ಲದೇ ಇರೋದು ಕ್ಲೈಂಟ್‌ಗೆ ಮಾತ್ರ. ಯಾಕಂದ್ರೆ ಕೆಟ್ಟ ಸುದ್ದಿಯನ್ನು ಮೇಲಕ್ಕೆ ಒಯ್ದವರೇ ಅದರ ಬೆಲೆ ತೆರಬೇಕು.

ಹಾಗಾಗಿ ಇದನ್ನು ಕೇವಲ ‘ಸಾಫ್ಟ್ ಸ್ಕಿಲ್’ ವಿಷಯವಾಗಿ ನೋಡುವುದನ್ನು ನಾನು ಒಪ್ಪುವುದಿಲ್ಲ. ಯಾರು ಯಾರಿಗೆ ‘ಆಗಲ್ಲ’ ಅನ್ನಬಹುದು, ಅಂದರೆ ಏನಾಗುತ್ತದೆ ಎಂಬುದು ಅಧಿಕಾರದ ಪ್ರಶ್ನೆ. ಮಾತು ಸುಧಾರಿಸಬೇಕಾದರೆ ಆ ಕಡೆಯಿಂದಲೇ ಶುರು ಮಾಡಬೇಕು. ಮಾತು ಎಲ್ಲಿ ಕೆಡುತ್ತದೆ, ಇತಿಹಾಸ ಏನು ಹೇಳುತ್ತದೆ, ಕಾನೂನು ಎಲ್ಲಿದೆ, ನಾಳೆಯಿಂದಲೇ ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮಾತು ಸಾಗುವ ದಾರಿ

ಬೆಂಗಳೂರಿನ ಒಂದು ಸಾಮಾನ್ಯ ಐಟಿ ಸೇವಾ ಪ್ರಾಜೆಕ್ಟ್ ತೆಗೆದುಕೊಳ್ಳಿ. ಕ್ಲೈಂಟ್ ಅಮೆರಿಕದ ಒಂದು ಇನ್ಶೂರೆನ್ಸ್ ಕಂಪನಿ ಅಂದುಕೊಳ್ಳೋಣ. ಅಲ್ಲಿ ಬೇಡಿಕೆ ಇಡುವವರು ಒಬ್ಬರು, ದುಡ್ಡು ಮಂಜೂರು ಮಾಡುವವರು ಇನ್ನೊಬ್ಬರು, ಕೊನೆಗೆ ಆ ಸಾಫ್ಟ್‌ವೇರ್ ಬಳಸುವವರು ಮತ್ತೊಬ್ಬರು. ಈ ಕಡೆ ಅವರಿಗೆ ಮೊದಲು ಸಿಗುವವರು ಅಕೌಂಟ್ ಮ್ಯಾನೇಜರ್. ಅವರ ಹಿಂದೆ ಡೆಲಿವರಿ ಮ್ಯಾನೇಜರ್, ಪ್ರಾಜೆಕ್ಟ್ ಮ್ಯಾನೇಜರ್, ಟೀಮ್ ಲೀಡ್. ಸಾಲಿನ ಕೊನೆಯಲ್ಲಿ ಡೆವಲಪರ್ ಮತ್ತು ಟೆಸ್ಟರ್.

ಬೇಡಿಕೆ ಕೆಳಗೆ ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಗಟ್ಟಿಯಾಗುತ್ತಾ ಹೋಗುತ್ತದೆ. ಕ್ಲೈಂಟ್ ‘ಮಾರ್ಚ್ ಒಳಗೆ ಸಿಕ್ಕರೆ ಒಳ್ಳೆಯದು’ ಅಂದಿರುತ್ತಾರೆ. ಅಕೌಂಟ್ ಮ್ಯಾನೇಜರ್ ಬಾಯಲ್ಲಿ ಅದು ‘ಮಾರ್ಚ್ ಕಮಿಟ್‌ಮೆಂಟ್’ ಆಗುತ್ತದೆ. ಟೀಮಿನ ಹತ್ತಿರ ಬರುವ ಹೊತ್ತಿಗೆ ‘ಫೆಬ್ರವರಿ 20ಕ್ಕೆ ಮುಗೀಲೇಬೇಕು’ ಆಗಿರುತ್ತದೆ.

ಸುದ್ದಿ ಮೇಲೆ ಹತ್ತುವಾಗ ಆಗೋದು ಇದರ ಉಲ್ಟಾ. ಡೆವಲಪರ್ ‘ಇದು ಆಗಲ್ಲ’ ಅನ್ನುತ್ತಾನೆ. ಲೀಡ್ ಅದನ್ನು ‘ಸ್ವಲ್ಪ ರಿಸ್ಕ್ ಇದೆ’ ಅಂತ ಒಯ್ಯುತ್ತಾಳೆ. ಮ್ಯಾನೇಜರ್ ‘ಮ್ಯಾನೇಜ್ ಮಾಡ್ತಿದ್ದೀವಿ’ ಅನ್ನುತ್ತಾರೆ. ಕ್ಲೈಂಟ್ ಕೈ ಸೇರುವ ವಾರದ ರಿಪೋರ್ಟಿನಲ್ಲಿ ಅದು ಹಸಿರು ಬಣ್ಣವಾಗಿರುತ್ತದೆ. ಇಂಥ ರಿಪೋರ್ಟಿಗೆ ಐಟಿಯವರು ಇಟ್ಟಿರುವ ಹೆಸರು ಕಲ್ಲಂಗಡಿ: ಹೊರಗೆಲ್ಲ ಹಸಿರು, ಕೊಯ್ದರೆ ಕೆಂಪು.

ಇಲ್ಲಿ ಯಾರೂ ದೊಡ್ಡ ಸುಳ್ಳು ಹೇಳಿಲ್ಲ ಅನ್ನುವುದನ್ನು ಗಮನಿಸಿ. ಪ್ರತಿಯೊಬ್ಬರೂ ತಮ್ಮ ಮೇಲಿನವರ ಮುಖ ನೋಡಿ ಒಂದಿಷ್ಟು ಮೆದು ಮಾಡಿದ್ದಾರೆ, ಅಷ್ಟೆ. ಐದು ಮೆಟ್ಟಿಲು ದಾಟುವಷ್ಟರಲ್ಲಿ ಸತ್ಯ ಕರಗಿಹೋಗಿದೆ.

ಈ ಮೆಟ್ಟಿಲುಗಳ ಜೊತೆ ಕಾಂಟ್ರಾಕ್ಟ್ ಕೂಡ ಮಾತನ್ನು ರೂಪಿಸುತ್ತದೆ. ‘ಫಿಕ್ಸ್ಡ್ ಪ್ರೈಸ್’ ಕಾಂಟ್ರಾಕ್ಟಿನಲ್ಲಿ ಒಟ್ಟು ಮೊತ್ತ ಮೊದಲೇ ನಿಗದಿ. ಕೆಲಸ ಹೆಚ್ಚಾದರೆ ಆ ಖರ್ಚು ಸೇವಾ ಕಂಪನಿಯದ್ದು. ಅದನ್ನು ಉಳಿಸುವ ಸುಲಭದ ದಾರಿ ಟೀಮಿನವರು ಲೆಕ್ಕಕ್ಕಿಲ್ಲದ ಗಂಟೆ ದುಡಿಯುವುದು. ‘ಟೈಮ್ ಅಂಡ್ ಮೆಟೀರಿಯಲ್’ ಕಾಂಟ್ರಾಕ್ಟಿನಲ್ಲಿ ಗಂಟೆ ಅಥವಾ ದಿನದ ಲೆಕ್ಕದಲ್ಲಿ ಬಿಲ್. ಅಲ್ಲಿ ಕ್ಲೈಂಟ್ ಪ್ರತಿ ಗಂಟೆಗೂ ಲೆಕ್ಕ ಕೇಳುತ್ತಾರೆ, ಟೈಮ್‌ಶೀಟ್ ಭರ್ತಿ ಮಾಡುವುದೇ ಒಂದು ಕೆಲಸವಾಗುತ್ತದೆ. ಎರಡರಲ್ಲೂ ‘ನಮಗೆ ಇನ್ನೂ ಎರಡು ವಾರ ಬೇಕು’ ಎಂಬ ಸರಳ ವಾಕ್ಯಕ್ಕೆ ಯಾರದೋ ದುಡ್ಡು ಅಂಟಿಕೊಂಡಿರುತ್ತದೆ. ಆ ವಾಕ್ಯ ಅಷ್ಟು ಸಲೀಸಾಗಿ ಬಾಯಿಂದ ಹೊರಡದಿರುವುದಕ್ಕೆ ಇಂಗ್ಲಿಷ್ ಬಾರದಿರುವುದು ಕಾರಣವಲ್ಲ.

ಎಲ್ಲರೂ ಹೇಳಿದ್ದರು, ಆದರೂ

ಕ್ಲೈಂಟ್, ಮ್ಯಾನೇಜರ್, ಸಿಬ್ಬಂದಿ, ಈ ಮೂವರ ನಡುವಿನ ಮಾತು ಮುರಿದರೆ ಏನಾಗಬಹುದು ಎಂಬುದಕ್ಕೆ ಜಗತ್ತು ಮತ್ತೆ ಮತ್ತೆ ಓದುವ ಉದಾಹರಣೆ ಚಾಲೆಂಜರ್ ದುರಂತ. ಅದು ಬಾಹ್ಯಾಕಾಶದ ಕಥೆ ನಿಜ. ಅದರ ಜೊತೆಗೆ ಕಾಂಟ್ರಾಕ್ಟಿನ ಕಥೆಯೂ ಹೌದು. ಅಲ್ಲಿ ಕ್ಲೈಂಟ್ ನಾಸಾ. ಘನ ಇಂಧನದ ರಾಕೆಟ್ ಬೂಸ್ಟರ್ ಮಾಡಿಕೊಡುತ್ತಿದ್ದ ಕಂಪನಿ ಮಾರ್ಟನ್ ಥಿಯೋಕಾಲ್.

ಬೂಸ್ಟರ್‌ನ ಭಾಗಗಳು ಕೂಡುವ ಜಾಗದಲ್ಲಿ ಬಿಸಿ ಅನಿಲ ಸೋರದಂತೆ ತಡೆಯಲು ‘ಓ-ರಿಂಗ್’ ಎಂಬ ರಬ್ಬರ್ ಬಳೆಗಳಿದ್ದವು. ಚಳಿಯಲ್ಲಿ ಅವು ಬಿಗಿಯಾಗಿ ತಮ್ಮ ಕೆಲಸ ತಡವಾಗಿ ಮಾಡುತ್ತವೆ ಎಂಬ ಅನುಮಾನ ಎಂಜಿನಿಯರ್‌ಗಳಿಗಿತ್ತು. ಥಿಯೋಕಾಲ್‌ನ ಎಂಜಿನಿಯರ್ ರೋಜರ್ ಬೊಯಿಸ್ಜೊಲಿ 1985ರ ಜುಲೈ 31ರಂದು ತನ್ನ ಕಂಪನಿಯ ಮೇಲಧಿಕಾರಿಗೆ ಪತ್ರ ಬರೆದು, ಇದನ್ನು ಸರಿಮಾಡದಿದ್ದರೆ ಜೀವಹಾನಿ ಆಗಬಹುದು ಎಂದು ಎಚ್ಚರಿಸಿದ್ದರು.

1986ರ ಜನವರಿ 27ರ ಸಂಜೆ ನಾಸಾ ಮತ್ತು ಥಿಯೋಕಾಲ್ ನಡುವೆ ಟೆಲಿಕಾನ್ಫರೆನ್ಸ್ ನಡೆಯಿತು. 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ ಉಡಾವಣೆ ಬೇಡ ಎಂದು ಥಿಯೋಕಾಲ್ ಮೊದಲು ಲಿಖಿತವಾಗಿಯೇ ಹೇಳಿತು. ಕಾಲ್‌ನಲ್ಲಿದ್ದ ನಾಸಾ ಮ್ಯಾನೇಜರುಗಳು ಅದನ್ನು ಪ್ರಶ್ನಿಸಿ ಅಸಮಾಧಾನ ತೋರಿಸಿದರು. ಥಿಯೋಕಾಲ್‌ನವರು ತಮ್ಮೊಳಗೆ ಮಾತಾಡಿಕೊಳ್ಳಲು ಕಾಲ್‌ನಿಂದ ಸ್ವಲ್ಪ ಹೊತ್ತು ಹೊರಬಂದರು. ಎಂಜಿನಿಯರ್‌ಗಳು ಆಗಲೂ ಬೇಡ ಅಂದರು. ಕೊನೆಗೆ ತೀರ್ಮಾನ ಮಾಡಿದ್ದು ಮ್ಯಾನೇಜರುಗಳು ಮಾತ್ರ. ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಎಂಜಿನಿಯರ್ ಆಗಿ ಯೋಚಿಸೋದು ಬಿಟ್ಟು ಮ್ಯಾನೇಜರ್ ಆಗಿ ಯೋಚಿಸಿ ಎಂದು ಸೂಚಿಸಲಾಯಿತು. ಅಭಿಪ್ರಾಯ ಬದಲಾಯಿತು, ಒಪ್ಪಿಗೆ ಪತ್ರ ಹೋಯಿತು. ಉಡಾವಣಾ ಕೇಂದ್ರದಲ್ಲಿದ್ದ ಥಿಯೋಕಾಲ್ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ಮಾತ್ರ ಸಹಿ ಹಾಕಲು ಒಪ್ಪಲಿಲ್ಲ.

ಮಾರನೆಯ ದಿನ ಸುಮಾರು 2 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಹಾರಿದ ಚಾಲೆಂಜರ್ 73 ಸೆಕೆಂಡಿನಲ್ಲಿ ಚೂರಾಯಿತು. ಏಳು ಮಂದಿ ಸತ್ತರು. ತನಿಖೆ ನಡೆಸಿದ ರೋಜರ್ಸ್ ಆಯೋಗ ಕಂಡುಕೊಂಡ ಸಂಗತಿ ಇನ್ನೂ ಕಳವಳಕಾರಿ: ಉಡಾವಣೆಗೆ ಅಂತಿಮ ಒಪ್ಪಿಗೆ ಕೊಟ್ಟ ನಾಸಾದ ಉನ್ನತ ಅಧಿಕಾರಿಗಳಿಗೆ ಹಿಂದಿನ ರಾತ್ರಿಯ ಆ ಲಿಖಿತ ಶಿಫಾರಸಿನ ವಿಷಯವೇ ತಲುಪಿರಲಿಲ್ಲ.

ಇದರಲ್ಲಿ ‘ಕಮ್ಯುನಿಕೇಶನ್ ಸ್ಕಿಲ್’ ಕೊರತೆ ಎಲ್ಲಿದೆ ಹೇಳಿ? ಎಂಜಿನಿಯರ್ ಪತ್ರ ಬರೆದಿದ್ದ. ಕಾಲ್‌ನಲ್ಲಿ ವಾದ ಮಾಡಿದ್ದ. ಅಂಕಿಅಂಶ ತೋರಿಸಿದ್ದ. ಆದರೆ ಆ ಕೋಣೆಯಲ್ಲಿ ಕ್ಲೈಂಟಿನ ಅಸಮಾಧಾನದ ತೂಕ ಹೆಚ್ಚಿತ್ತು, ಎಂಜಿನಿಯರನ ಮಾತಿನ ತೂಕ ಕಡಿಮೆಯಿತ್ತು. ಬೇಡ ಎಂದವರನ್ನು ಹೊರಗಿಟ್ಟು ತೀರ್ಮಾನ ಮಾಡಲು ವ್ಯವಸ್ಥೆಯಲ್ಲೇ ಜಾಗ ಇತ್ತು.

ಇನ್ನೊಂದು ಉದಾಹರಣೆ 1999ರದ್ದು. ಮಂಗಳ ಗ್ರಹಕ್ಕೆ ನಾಸಾ ಕಳಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಆ ವರ್ಷ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ಗುತ್ತಿಗೆದಾರ ಕಂಪನಿಯ ಸಾಫ್ಟ್‌ವೇರ್ ಬಲದ ಲೆಕ್ಕವನ್ನು ಪೌಂಡ್ ಮಾಪನದಲ್ಲಿ ಕೊಡುತ್ತಿತ್ತು, ಅದನ್ನು ಬಳಸುತ್ತಿದ್ದ ನಾಸಾ ಪ್ರಯೋಗಾಲಯ ಮೆಟ್ರಿಕ್ ನ್ಯೂಟನ್ ಎಂದೇ ಓದುತ್ತಿತ್ತು. ಮೆಟ್ರಿಕ್ ಬಳಸಬೇಕು ಎಂದು ಒಪ್ಪಂದದ ದಾಖಲೆಯಲ್ಲಿ ಇತ್ತು. ಆದರೆ ಎರಡೂ ಕಡೆಯವರು ಕೂತು ಒಮ್ಮೆ ತಾಳೆ ನೋಡಿರಲಿಲ್ಲ. ದಾರಿಯಲ್ಲಿ ಏನೋ ಸರಿಯಿಲ್ಲ ಎಂದು ಕೆಲ ನ್ಯಾವಿಗೇಟರ್‌ಗಳು ಗಮನಿಸಿದ್ದರು. ನಿಗದಿತ ಫಾರ್ಮ್ ತುಂಬಿ ಕೊಡಲಿಲ್ಲ ಎಂಬ ಕಾರಣಕ್ಕೆ ಅವರ ಅನುಮಾನ ಮುಂದಕ್ಕೆ ಹೋಗಲಿಲ್ಲ. ಬರವಣಿಗೆಯ ದಾಖಲೆ ಬೇಕೇ ಬೇಕು, ಆದರೆ ದಾಖಲೆಯೇ ಬಾಗಿಲಿಗೆ ಅಡ್ಡ ನಿಂತರೆ ಅದೂ ಅಪಾಯ ಎಂಬುದು ಇಲ್ಲಿನ ಪಾಠ.

ಜನ ಹೆಚ್ಚಾದರೆ ಮಾತೂ ಹೆಚ್ಚು

ತಡವಾದ ಪ್ರಾಜೆಕ್ಟಿಗೆ ಮ್ಯಾನೇಜ್‌ಮೆಂಟ್ ಕೊಡುವ ಮೊದಲ ಮದ್ದು ಇನ್ನಷ್ಟು ಜನ. ಐಬಿಎಂ ಕಂಪನಿಯ ಸಿಸ್ಟಮ್/360 ಕಂಪ್ಯೂಟರ್‌ಗಳ ಸಾಫ್ಟ್‌ವೇರ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದು ಯಾಕೆ ಕೆಲಸ ಮಾಡಲ್ಲ ಎಂದು ವಿವರಿಸಿದ್ದಾರೆ. ಲೆಕ್ಕ ಸರಳ. ಐದು ಜನರ ಟೀಮಿನಲ್ಲಿ ಒಬ್ಬರಿಂದೊಬ್ಬರಿಗೆ ಇರುವ ಮಾತಿನ ದಾರಿಗಳು 10. ಹತ್ತು ಜನರಾದರೆ 45. ಇಪ್ಪತ್ತಾದರೆ 190. ಜನ ನಾಲ್ಕು ಪಟ್ಟಾದರೆ ಮಾತಿನ ದಾರಿ ಹತ್ತೊಂಬತ್ತು ಪಟ್ಟಾಗುತ್ತದೆ. ಜೊತೆಗೆ ಹೊಸಬರಿಗೆ ಕಲಿಸುವ ಕೆಲಸ ಹಳಬರ ತಲೆಗೇ ಬರುತ್ತದೆ. ಹಾಗಾಗಿ ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಬ್ರೂಕ್ಸ್ ಅವರ ತೀರ್ಮಾನ. ಐವತ್ತು ವರ್ಷ ಕಳೆದರೂ ಈ ಲೆಕ್ಕ ಬದಲಾಗಿಲ್ಲ.

2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ಸಾಫ್ಟ್‌ವೇರ್ ತಜ್ಞರು ‘ಅಜೈಲ್’ ಪ್ರಣಾಳಿಕೆ ಹೊರಡಿಸಿದಾಗ ಹೇಳಿದ್ದೂ ಇಂಥದ್ದೇ ಮಾತು. ಪ್ರಕ್ರಿಯೆ ಮತ್ತು ಸಲಕರಣೆಗಿಂತ ಜನ ಮತ್ತು ಅವರ ಒಡನಾಟ ಮುಖ್ಯ, ಕಾಂಟ್ರಾಕ್ಟಿನ ಚೌಕಾಸಿಗಿಂತ ಕ್ಲೈಂಟ್ ಜೊತೆಗಿನ ಸಹಕಾರ ಮುಖ್ಯ ಎಂದರು. ಅದರ ಆಶಯ ನಮ್ಮ ಆಫೀಸಿಗೆ ಬರುವಾಗ ಏನಾಯಿತು? ದಿನಾ ಬೆಳಿಗ್ಗೆಯ ‘ಸ್ಟ್ಯಾಂಡ್‌ಅಪ್’ ನೋಡಿ. ಸ್ಕ್ರಮ್ ಪದ್ಧತಿಯ ಮೂಲ ಮಾರ್ಗದರ್ಶಿಯ ಪ್ರಕಾರ ಅದು ಕೆಲಸ ಮಾಡುವವರು ತಮ್ಮೊಳಗೆ ಆ ದಿನದ ಯೋಜನೆ ಹೊಂದಿಸಿಕೊಳ್ಳಲು ಇರುವ 15 ನಿಮಿಷ. ನಮ್ಮಲ್ಲಿ ಬಹಳ ಕಡೆ ಅದು ಮ್ಯಾನೇಜರ್ ಎದುರು ನಿಂತು ಹಾಜರಿ ಕೊಡುವ ಮುಕ್ಕಾಲು ಗಂಟೆ. ನಿನ್ನೆ ಏನ್ ಮಾಡಿದ್ರಿ, ಇವತ್ತು ಏನ್ ಮಾಡ್ತೀರಿ, ಯಾಕೆ ಮುಗಿದಿಲ್ಲ? ಹೀಗೆ ಕೇಳಿದರೆ ಯಾರಾದರೂ ‘ನನಗೆ ಇದು ಅರ್ಥವಾಗುತ್ತಿಲ್ಲ, ಸಹಾಯ ಬೇಕು’ ಅಂತ ಬಾಯಿ ಬಿಡ್ತಾರಾ?

ಕಾಲ್‌ನಲ್ಲಿ ಯಾರ ದನಿ ಕೇಳುತ್ತದೆ?

ನಮ್ಮ ಆಫೀಸುಗಳ ಇನ್ನೊಂದು ಸತ್ಯವನ್ನು ಬಿಟ್ಟು ಈ ವಿಷಯ ಮಾತಾಡಲು ಆಗದು. ಕ್ಲೈಂಟ್ ಜೊತೆ ಮಾತಾಡುವ ಕೆಲಸಕ್ಕೆ ಯಾರನ್ನು ಆರಿಸುತ್ತಾರೆ? ವಿಷಯ ಚೆನ್ನಾಗಿ ಗೊತ್ತಿದ್ದವರನ್ನೋ, ಕಾನ್ವೆಂಟ್ ಇಂಗ್ಲಿಷ್ ಇದ್ದವರನ್ನೋ? ಕನ್ನಡ ಮಾಧ್ಯಮದಲ್ಲಿ ಓದಿ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದ ಬಂದು, ಮನೆಯಲ್ಲಿ ಮೊದಲ ತಲೆಮಾರಿನ ಆಫೀಸ್ ಕೆಲಸಗಾರರಾದ ಹುಡುಗ ಹುಡುಗಿಯರು ಕೋಡಿನೊಳಗಿನ ಪ್ರತಿ ಗಂಟನ್ನೂ ಬಲ್ಲವರಾಗಿದ್ದರೂ ಕಾಲ್‌ನಲ್ಲಿ ಮ್ಯೂಟ್ ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರು ಲೀಡ್‌ಗೆ ಚಾಟ್‌ನಲ್ಲಿ ಉತ್ತರ ಟೈಪ್ ಮಾಡುತ್ತಾರೆ, ಲೀಡ್ ಅದನ್ನು ಓದಿ ಹೇಳುತ್ತಾರೆ. ಕ್ಲೈಂಟ್ ಮರುಪ್ರಶ್ನೆ ಕೇಳಿದಾಗ ಲೀಡ್ ತಡವರಿಸುತ್ತಾರೆ. ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಇಂಪ್ರೂವ್ ಆಗ್ಬೇಕು’ ಎಂಬ ಮಾತು ಬರುವುದು ಮಾತ್ರ ಆ ಹುಡುಗಿಗೇ.

ಇದು ಬರೀ ಅನ್ಯಾಯವಲ್ಲ, ಪ್ರಾಜೆಕ್ಟಿಗೇ ನಷ್ಟ. ಟೀಮಿನೊಳಗೆ ಕನ್ನಡದಲ್ಲೋ ಎಲ್ಲರಿಗೂ ಬರುವ ಇನ್ನೊಂದು ಭಾಷೆಯಲ್ಲೋ ಮೊದಲು ಚರ್ಚೆ ಮುಗಿಸಿ, ಆಮೇಲೆ ಸರಳ ಇಂಗ್ಲಿಷಿನಲ್ಲಿ ಬರೆದು ಕಳಿಸುವ ಪದ್ಧತಿ ಇಟ್ಟರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ‘ಆಫೀಸಿನಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಅಲಿಖಿತ ನಿಯಮ ಮಾತನ್ನು ಸುಧಾರಿಸುವುದಿಲ್ಲ, ಪ್ರಶ್ನೆ ಕೇಳುವವರ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ.

ಗಡಿಯಾರವೂ ಇಲ್ಲಿ ರಾಜಕೀಯವೇ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ಬೆಳಿಗ್ಗೆ 9 ಗಂಟೆ ಅಂದರೆ ನಮಗೆ ಸಂಜೆ 6:30. ಕ್ಯಾಲಿಫೋರ್ನಿಯಾದ 9 ಗಂಟೆ ಅಂದರೆ ರಾತ್ರಿ 9:30. ಚಳಿಗಾಲದಲ್ಲಿ ಇನ್ನೊಂದು ಗಂಟೆ ತಡ. ಯಾರ ಹಗಲಿನಲ್ಲಿ ಮೀಟಿಂಗ್ ಎಂಬುದು ಯಾರ ಕೈಯಲ್ಲಿ ದುಡ್ಡಿದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಮನೆಯಲ್ಲಿ ಮಗು ಇರುವ ಹೆಣ್ಣುಮಕ್ಕಳು ಆ ರಾತ್ರಿಯ ಕಾಲ್‌ಗಳಿಂದ ಹೊರಗುಳಿದರೆ, ತೀರ್ಮಾನಗಳಿಂದಲೂ ಹೊರಗುಳಿಯುತ್ತಾರೆ.

ಕಾನೂನು ಎಲ್ಲಿದೆ?

ಮಾತಿನ ಲೇಖನದಲ್ಲಿ ಕಾನೂನು ಯಾಕೆ ಅಂತೀರಾ? ಕೆಲಸ ಹೋಗುವ ಭಯ ಇದ್ದವರು ನಿಜ ಹೇಳುವುದಿಲ್ಲ. ಭದ್ರತೆ ಇಲ್ಲದ ಕಡೆ ‘ಓಪನ್ ಡೋರ್ ಪಾಲಿಸಿ’ ಅನ್ನುವುದು ಗೋಡೆಯ ಮೇಲಿನ ಪೋಸ್ಟರ್ ಮಾತ್ರ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇಟ್ಟಿತು. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಅದಕ್ಕೆ ಎರಡು ಪಟ್ಟು ಕೂಲಿ ಎಂದಿತು. 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು, ಮೂರು ತಿಂಗಳಲ್ಲಿ 125 ಗಂಟೆಯವರೆಗೆ ಹೆಚ್ಚುವರಿ ಕೆಲಸಕ್ಕೆ ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ಬಂದಾಗ, ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಅಂದರೆ ‘ಕಿಟು’, ಇದು 14 ಗಂಟೆಯ ಕೆಲಸದ ದಿನ ಎಂದು ಬೀದಿಗಿಳಿದು ವಿರೋಧಿಸಿತು.

ಇನ್ನೊಂದು ವಿಷಯ ಸ್ಟ್ಯಾಂಡಿಂಗ್ ಆರ್ಡರ್‌ಗಳು. ಕೆಲಸದ ಷರತ್ತು, ಶಿಸ್ತುಕ್ರಮದ ವಿಧಾನ, ದೂರು ಕೇಳುವ ಕ್ರಮ, ಕೆಲಸದಿಂದ ತೆಗೆಯುವ ನಿಯಮ ಎಲ್ಲವನ್ನೂ ಕಂಪನಿ ಬರೆದಿಡಬೇಕು ಎಂದು 1946ರ ಕೇಂದ್ರ ಕಾಯ್ದೆ ಹೇಳಿತ್ತು. ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ 2014ರಲ್ಲಿ ಐದು ವರ್ಷಗಳ ವಿನಾಯಿತಿ ಕೊಟ್ಟಿತು, 2019ರಲ್ಲಿ ಮುಂದುವರಿಸಿತು, 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಆದರೆ ವಿನಾಯಿತಿಗೆ ಷರತ್ತುಗಳಿದ್ದವು. ಕಂಪನಿ ಮತ್ತು ನೌಕರರ ಕಡೆಯಿಂದ ಸಮಾನ ಸಂಖ್ಯೆಯ ಸದಸ್ಯರಿರುವ ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು, ಅಮಾನತು ಮತ್ತು ವಜಾದಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಯಾದವು. 1946ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳ ಆಕ್ಷೇಪ ಬಹಳ ಇವೆ. ಆದರೆ ನಮ್ಮ ವಿಷಯಕ್ಕೆ ಬೇಕಾದ ಒಂದು ಅಂಶ ಅದರಲ್ಲಿದೆ: 20 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಎರಡೂ ಕಡೆಯ ಸಮಾನ ಪ್ರಾತಿನಿಧ್ಯದ ಕುಂದುಕೊರತೆ ಸಮಿತಿ ಇರಬೇಕು, ದೂರನ್ನು 30 ದಿನದೊಳಗೆ ವಿಚಾರಿಸಿ ಮುಗಿಸಬೇಕು. ನಿಮ್ಮ ಆಫೀಸಿನಲ್ಲಿ ಆ ಸಮಿತಿ ಇದೆಯಾ? ಅದರ ಸದಸ್ಯರು ಯಾರು? ಇದನ್ನು ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳುವುದು ಬಂಡಾಯವಲ್ಲ.

ಹೊರದೇಶಗಳಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕೂ ಕಾನೂನಾಗಿದೆ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಈ ಬಗ್ಗೆ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆ ಆಗಲಿಲ್ಲ.

ಹಾಗಾದರೆ ಏನು ಮಾಡಬಹುದು?

ವ್ಯವಸ್ಥೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾನು ಕಂಡ ಒಳ್ಳೆಯ ಟೀಮುಗಳು ಪಾಲಿಸುವ ಕೆಲವು ಪದ್ಧತಿಗಳು ಇವು.

1. ಅಂದಾಜು ಹಾಕುವವರು ಕೆಲಸ ಮಾಡುವವರೇ ಆಗಿರಲಿ. ಕ್ಲೈಂಟ್‌ಗೆ ದಿನಾಂಕ ಹೇಳುವ ಮೊದಲು ಟೀಮಿನ ಕನಿಷ್ಠ ಇಬ್ಬರನ್ನು ಕೇಳಬೇಕು. ‘ಹತ್ತು ದಿನ’ ಎಂಬ ಒಂದೇ ಸಂಖ್ಯೆಗಿಂತ ‘ಎಂಟರಿಂದ ಹದಿನಾಲ್ಕು ದಿನ, ಯಾಕಂದ್ರೆ ಹಳೆಯ ಡೇಟಾ ಹೇಗಿದೆ ಗೊತ್ತಿಲ್ಲ’ ಎಂಬ ಉತ್ತರ ಹೆಚ್ಚು ಪ್ರಾಮಾಣಿಕ.

2. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ಹೂಂ ಅಂತಾರೆ. ‘ನೀವು ಏನು ಅರ್ಥ ಮಾಡ್ಕೊಂಡ್ರಿ, ಒಂದ್ಸಲ ಹೇಳಿ’ ಅನ್ನಿ. ‘ಗ್ರಾಹಕ ಪಾಲಿಸಿ ರದ್ದು ಮಾಡಬಹುದು’ ಎಂಬ ಒಂದು ಸಾಲಿನೊಳಗೆ ಎಷ್ಟು ಪ್ರಶ್ನೆಗಳಿವೆ ನೋಡಿ. ಎಷ್ಟು ದಿನದೊಳಗೆ? ದುಡ್ಡು ಪೂರ್ತಿ ವಾಪಸ್ಸಾ? ಕ್ಲೈಮ್ ಆಗಿದ್ದರೆ? ಇವನ್ನು ಕೆಲಸ ಶುರುವಾಗುವ ಮೊದಲು ಉದಾಹರಣೆ ಸಮೇತ ಬರೆದಿಟ್ಟರೆ ಅದೇ ಆಮೇಲೆ ಟೆಸ್ಟಿಂಗ್‌ನ ಅಳತೆಗೋಲು.

3. ಬಾಯಿಮಾತಿನ ಬದಲಾವಣೆ ಅದೇ ದಿನ ಬರವಣಿಗೆಗೆ ಬರಲಿ. ಜಗಳದ ಧಾಟಿ ಬೇಡ. ಹೀಗೆ ಬರೆದರೆ ಸಾಕು:

‘ಇವತ್ತಿನ ಕಾಲ್‌ನಲ್ಲಿ ನಾನು ಅರ್ಥ ಮಾಡಿಕೊಂಡಿದ್ದು: ಪಾಲಿಸಿ ರದ್ದತಿ ಪುಟಕ್ಕೆ ಹೊಸದಾಗಿ ಎರಡು ಕಾರಣ ಸೇರಿಸಬೇಕು. ಇದು ಮೊದಲಿನ ಪಟ್ಟಿಯಲ್ಲಿ ಇರಲಿಲ್ಲ. ಟೆಸ್ಟಿಂಗ್ ಸೇರಿ ನಾಲ್ಕರಿಂದ ಆರು ದಿನ ಬೇಕು. ತಿಂಗಳ ಕೊನೆಯ ರಿಲೀಸ್‌ನಲ್ಲೇ ಬೇಕಾದರೆ ರಿಪೋರ್ಟ್ ಪುಟ ಮುಂದಿನ ತಿಂಗಳಿಗೆ ಹೋಗುತ್ತದೆ. ಯಾವುದು ಮೊದಲು ಎಂದು ಬುಧವಾರ ಸಂಜೆಯೊಳಗೆ ತಿಳಿಸಿ. ಅಲ್ಲಿವರೆಗೆ ಈಗಿನ ಯೋಜನೆಯಂತೆ ಮುಂದುವರಿಯುತ್ತೇವೆ.’

ಏನು ಕೇಳಿದರು, ಎಷ್ಟು ಹೊತ್ತು ಬೇಕು, ಏನು ಬಿಡಬೇಕಾಗುತ್ತದೆ, ಯಾರು ಯಾವಾಗ ತೀರ್ಮಾನಿಸಬೇಕು, ಈ ನಾಲ್ಕೂ ಅದರಲ್ಲಿವೆ. ಕ್ಲೈಂಟ್‌ಗೆ ನೇರ ಬರೆಯಲು ಅನುಮತಿ ಇಲ್ಲದಿದ್ದರೆ ಮ್ಯಾನೇಜರ್‌ಗೆ ಬರೆಯಿರಿ.

4. ಕೆಟ್ಟ ಸುದ್ದಿಗೆ 24 ಗಂಟೆಯ ನಿಯಮ. ಗೊತ್ತಾದ ಒಂದು ದಿನದೊಳಗೆ ಹೇಳಬೇಕು. ಹೇಳುವವರು ಸಂಗತಿ, ಪರಿಣಾಮ, ಇರುವ ಆಯ್ಕೆ, ಈ ಮೂರನ್ನೂ ಹೇಳಲಿ. ಕೇಳಿಸಿಕೊಳ್ಳುವ ಮ್ಯಾನೇಜರ್ ಬಾಯಿಂದ ಮೊದಲು ಬರಬೇಕಾದ ಪ್ರಶ್ನೆ ‘ಈಗ ಏನು ಬೇಕು?’ ಎಂಬುದು. ‘ಯಾರು ಮಾಡಿದ್ದು?’ ಎಂದು ಒಮ್ಮೆ ಕೇಳಿದರೆ ಸಾಕು, ಮುಂದಿನ ಸಲ ಆ ಟೀಮಿನಿಂದ ಸುದ್ದಿ ಬರುವುದಿಲ್ಲ. ಟೊಯೋಟಾ ಕಾರ್ಖಾನೆಗಳಲ್ಲಿ ಲೈನಿನಲ್ಲಿ ನಿಂತ ಸಾಮಾನ್ಯ ಕೆಲಸಗಾರನೂ ತೊಂದರೆ ಕಂಡರೆ ಹಗ್ಗ ಎಳೆದು ಇಡೀ ಲೈನ್ ನಿಲ್ಲಿಸಬಹುದಾದ ‘ಆಂಡನ್’ ವ್ಯವಸ್ಥೆ ಪ್ರಸಿದ್ಧ. ನಿಲ್ಲಿಸಿದವನಿಗೆ ಶಿಕ್ಷೆ ಇಲ್ಲದಿರುವುದರಿಂದಲೇ ಅದು ಕೆಲಸ ಮಾಡುತ್ತದೆ.

5. ವಾಟ್ಸಾಪ್‌ನಲ್ಲಿ ತೀರ್ಮಾನ ಬೇಡ. ತುರ್ತಿಗೆ ಮಾತ್ರ ಇರಲಿ, ತುರ್ತು ಅಂದರೆ ಏನು ಎಂಬುದನ್ನೂ ಬರೆದಿಡಿ. ಸರ್ವರ್ ಬಿದ್ದಿದ್ದರೆ ತುರ್ತು. ನಾಳೆಯ ಪಿಪಿಟಿಯ ಬಣ್ಣ ಬದಲಿಸುವುದು ತುರ್ತಲ್ಲ.

6. ರಾತ್ರಿಯ ಕಾಲ್ ಸರದಿಯ ಮೇಲೆ ಬರಲಿ. ವಾರದಲ್ಲಿ ಒಂದಾದರೂ ಮೀಟಿಂಗ್ ಕ್ಲೈಂಟ್‌ನವರ ಬೆಳಗಿನ ಜಾವಕ್ಕೋ ರಾತ್ರಿಗೋ ಬೀಳಲಿ. ಹಾಜರಿಲ್ಲದವರಿಗೆ ಐದು ಸಾಲಿನ ಟಿಪ್ಪಣಿ ಕಡ್ಡಾಯ.

7. ನಿಮ್ಮ ಗಂಟೆಗಳ ಲೆಕ್ಕ ನೀವು ಇಡಿ. ದಿನಾಂಕ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಯಾರು ಉಳಿಯಲು ಹೇಳಿದರು, ಇಷ್ಟನ್ನು ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆದರೆ ಆಫೀಸ್ ಇಮೇಲ್ ಅಥವಾ ಕ್ಲೈಂಟ್ ದಾಖಲೆಯನ್ನು ನಿಮ್ಮ ಖಾಸಗಿ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದನ್ನೇ ಹಿಡಿದು ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳಬಹುದು.

8. ಒಬ್ಬರೇ ಹೇಳಬೇಡಿ. ‘ಆಗಲ್ಲ’ ಎಂದು ಒಬ್ಬ ಹೇಳಿದರೆ ಅವನು ಸೋಮಾರಿ. ಅದೇ ಮಾತನ್ನು ಕಾರಣ ಸಮೇತ ಎಂಟು ಜನ ಸಹಿ ಹಾಕಿ ಹೇಳಿದರೆ ಅದು ಪ್ರಾಜೆಕ್ಟ್ ರಿಸ್ಕ್. ಸಂಘಟನೆ ಎಂಬ ಪದ ಕೇಳಿದರೆ ಬೆಚ್ಚಿಬೀಳುವ ಐಟಿ ಗೆಳೆಯರಿಗೆ ನಾನು ಹೇಳುವುದು ಇದನ್ನೇ.

ಮ್ಯಾನೇಜರ್ ಮತ್ತು ಕ್ಲೈಂಟ್‌ಗೂ ಒಂದು ಮಾತು

ಮಧ್ಯದ ಮ್ಯಾನೇಜರುಗಳನ್ನು ಖಳನಾಯಕರು ಮಾಡುವುದು ಸುಲಭ. ಅವರ ಮೇಲೂ ಲಾಭಾಂಶದ ಗುರಿ ಇದೆ, ಅವರ ಕೆಲಸವೂ ಭದ್ರವಲ್ಲ. ಆದರೆ ಮೇಲಿನ ಒತ್ತಡವನ್ನು ಹಾಗೇ ಕೆಳಗೆ ದಾಟಿಸುವುದಕ್ಕೆ ಒಬ್ಬ ಮ್ಯಾನೇಜರ್ ಬೇಕಿಲ್ಲ, ಅದನ್ನು ಫಾರ್ವರ್ಡ್ ಬಟನ್ ಮಾಡುತ್ತದೆ. ಒತ್ತಡವನ್ನು ತಡೆದು, ಸೋಸಿ, ಕ್ಲೈಂಟ್ ಎದುರು ಟೀಮಿನ ಪರವಾಗಿ ಅಂಕಿಅಂಶ ಇಟ್ಟು ಮಾತಾಡುವುದೇ ಅವರ ಕೆಲಸ.

ಕ್ಲೈಂಟ್ ಕುರ್ಚಿಯಲ್ಲಿ ಕೂತ ಕನ್ನಡಿಗರೂ ಈಗ ಬಹಳ ಇದ್ದಾರೆ. ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ, ವಿದೇಶಿ ಕಂಪನಿಗಳ ಇಲ್ಲಿನ ಕಚೇರಿಗಳಲ್ಲಿ, ಅಮೆರಿಕ ಯೂರೋಪುಗಳಲ್ಲಿ. ಅವರು ಮಾಡಬಹುದಾದದ್ದು ಎರಡು. ತಿಂಗಳಿಗೊಮ್ಮೆ ಅಕೌಂಟ್ ಮ್ಯಾನೇಜರ್ ಇಲ್ಲದೆ ಕೆಲಸ ಮಾಡುವವರ ಜೊತೆ ನೇರ ಮಾತಾಡಿ, ‘ನಿಮಗೆ ಈ ಪ್ರಾಜೆಕ್ಟಿನಲ್ಲಿ ಭಯ ಯಾವುದು?’ ಎಂದು ಕೇಳುವುದು. ಹೊಸ ಬೇಡಿಕೆಗೆ ಹೊಸ ದುಡ್ಡು ಅಥವಾ ಹೊಸ ದಿನಾಂಕ ಕೊಡುವುದು. ಅವರಿಗೆ ಬಿಟ್ಟಿ ಅನಿಸಿದ ಬದಲಾವಣೆಯ ಬಿಲ್ ಯಾರದೋ ನಿದ್ದೆಯಲ್ಲಿ ಕಟ್ಟಿರುತ್ತದೆ.

ಈಗಷ್ಟೇ ಹೊಸ ಪ್ರಾಜೆಕ್ಟಿಗೆ ಸೇರಿದ್ದೀರಾ? ಮೊದಲ ವಾರದಲ್ಲೇ ಮೂರು ಪ್ರಶ್ನೆ ಕೇಳಿ. ಈ ದಿನಾಂಕವನ್ನು ಯಾರು, ಯಾರನ್ನು ಕೇಳಿ ಹಾಕಿದರು? ಇಲ್ಲಿ ಕೊನೆಯ ಸಲ ‘ಆಗಲ್ಲ’ ಎಂದವರು ಯಾರು, ಅವರು ಈಗ ಎಲ್ಲಿದ್ದಾರೆ? ಕೆಲಸ ತಡವಾಗುತ್ತಿದೆ ಎಂದು ನನಗೆ ಗೊತ್ತಾದರೆ ಕ್ಲೈಂಟ್‌ಗೆ ಅದು ಎಷ್ಟು ದಿನದಲ್ಲಿ ತಲುಪುತ್ತದೆ? ಎರಡನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡದಿದ್ದರೆ, ಮೇಲಿನ ಪಟ್ಟಿಯ ಏಳು ಮತ್ತು ಎಂಟನೆಯದನ್ನು ಅವತ್ತಿನಿಂದಲೇ ಶುರು ಮಾಡಿ.